ಶಿರಸಿ ರಾಶಿಗೆ ಇವತ್ತು ಎಷ್ಟು? ಡೇಟಾಬೇಸಿನಲ್ಲಿರೋ ಉತ್ತರ ಸರ್ಚ್ ಇಂಜಿನ್ನಿಗೆ ಕಾಣುವ ಹಾಗೆ ಮಾಡೋದು

ಶಿರಸಿ, ಸಿದ್ದಾಪುರ, ಯಲ್ಲಾಪುರ. ಪತ್ರಿಕೆಗಳ ಮಾರುಕಟ್ಟೆ ಕಾಲಂ ನೋಡುವವರಿಗೆ ಈ ಮೂರು ಹೆಸರು ಹತ್ತಿರ ಹತ್ತಿರವೇ ಕಣ್ಣಿಗೆ ಬೀಳುತ್ತವೆ. ಹೆಸರಿನ ಕೆಳಗೆ ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಅಂತ ಸಾಲು. ಯಲ್ಲಾಪುರದ್ದಾದರೆ ಅಪಿ ಅಂತ ಇನ್ನೊಂದು. ಎದುರಿಗೆ ಆ ದಿನದ ಕನಿಷ್ಠ ದರ, ಗರಿಷ್ಠ ದರ. ತೋಟದ ಮನೆಯಿಂದ ಬಂದ ಗೆಳೆಯರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು: ಎಳೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ರಾಶಿಯಂಥ ಕೆಂಪಡಿಕೆ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸುಲಿದರೆ ಚಾಲಿ. ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದರೆ ಟಿಎಸ್‌ಎಸ್, ಶುರುವಾದದ್ದು 1923ರಲ್ಲಿ. ಈ ಮೂರು ತಾಲ್ಲೂಕುಗಳ ಅಡಿಕೆಗೆ 'ಶಿರಸಿ ಸುಪಾರಿ' ಹೆಸರಿನಲ್ಲಿ 2019ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ.

ಒಣಗಿದ ಅಡಿಕೆ ಮನೆಯಲ್ಲಿದ್ದಾಗ ದಿನವೂ ಬರುವ ಪ್ರಶ್ನೆ ಒಂದೇ: ಇವತ್ತು ಕೊಡೋದಾ, ಇನ್ನೂ ಸ್ವಲ್ಪ ದಿನ ಕಾಯೋದಾ? ಧಾರಣೆ ಹೇಳೋದು ಕ್ವಿಂಟಲ್ ಲೆಕ್ಕದಲ್ಲಿ. ಕ್ವಿಂಟಲ್ಲಿಗೆ ಒಂದು ಸಾವಿರ ರೂಪಾಯಿ ಹೆಚ್ಚುಕಡಿಮೆ ಆದರೆ ಹತ್ತು ಕ್ವಿಂಟಲ್ ಇಟ್ಟುಕೊಂಡ ಮನೆಗೆ ಅದು ಹತ್ತು ಸಾವಿರದ ಮಾತು. ಮಗನ ಅಥವಾ ಮಗಳ ಹಾಸ್ಟೆಲ್ ಖರ್ಚು ಅದರಲ್ಲೇ ಬರಬೇಕಾಗಿರಬಹುದು. ಹಾಗಾಗಿ ಮೊಬೈಲಿನಲ್ಲಿ 'ಶಿರಸಿ ರಾಶಿ ಅಡಿಕೆ ಧಾರಣೆ ಇವತ್ತು' ಅಂತ ಹುಡುಕಿದಾಗ ಸಿಗುವ ಉತ್ತರ ಸರಿಯಾಗಿರಬೇಕು, ಇವತ್ತಿನದೇ ಆಗಿರಬೇಕು.

ದರದ ಮಾಹಿತಿ ಇಲ್ಲ ಅಂತಲ್ಲ. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ, ಕೇಂದ್ರದ ಅಗ್‌ಮಾರ್ಕ್‌ನೆಟ್ ಎರಡೂ ಮಾರುಕಟ್ಟೆ ದರಗಳನ್ನು ಕೊಡುತ್ತವೆ. ತೊಡಕಿರೋದು ಬೇರೆ ಕಡೆ. ಡೇಟಾಬೇಸಿನಲ್ಲಿ ಉತ್ತರ ಇರೋದು ಒಂದು ವಿಷಯ, ಸರ್ಚ್ ಇಂಜಿನ್ನಿಗೆ ಆ ಉತ್ತರ ಕಾಣೋದು ಇನ್ನೊಂದು ವಿಷಯ. ನಾವು ಮಿನಿ ಪ್ರಾಜೆಕ್ಟಿಗೆ ಕಟ್ಟುವ ವೆಬ್ ಅಪ್ಲಿಕೇಶನ್‌ಗಳಲ್ಲೂ ಇದೇ ಕಥೆ. ಲಾಗಿನ್ ಇರತ್ತೆ, ಡ್ರಾಪ್‌ಡೌನ್ ಇರತ್ತೆ, ಚೆಂದದ ಚಾರ್ಟ್ ಇರತ್ತೆ. ಹೊರಗಿನಿಂದ ಹುಡುಕಿದವನಿಗೆ ಮಾತ್ರ ಏನೂ ಸಿಗೋದಿಲ್ಲ. ಈ ಲೇಖನದಲ್ಲಿ ಒಂದು ಕಾಲ್ಪನಿಕ ಅಡಿಕೆ ಧಾರಣೆ ತಾಣವನ್ನು ಮನಸ್ಸಿನಲ್ಲೇ ಕಟ್ಟುತ್ತಾ, ಈ ಅಂತರ ಎಲ್ಲೆಲ್ಲಿ ಹುಟ್ಟತ್ತೆ, ಹೇಗೆ ಮುಚ್ಚಬಹುದು ಅಂತ ನೋಡೋಣ. ಓದಲು ಸುಲಭವಾಗಲಿ ಅಂತ ವಿಳಾಸಗಳ ಉದಾಹರಣೆಗಳನ್ನೂ ಕನ್ನಡದಲ್ಲೇ ಕೊಟ್ಟಿದ್ದೇವೆ.

ಕೇಳಿದಾಗ ಮಾತ್ರ ಹುಟ್ಟುವ ಪುಟ

ಮೊದಲಿಗೆ ಸ್ಟ್ಯಾಟಿಕ್ ಪುಟ, ಡೈನಮಿಕ್ ಪುಟ ಅಂದರೇನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಸ್ಟ್ಯಾಟಿಕ್ ಪುಟ ಸರ್ವರಿನಲ್ಲಿ ಫೈಲಾಗಿ ಮೊದಲೇ ಇರತ್ತೆ. ಯಾರು ಕೇಳಿದರೂ ಅದೇ ಫೈಲು ಹೋಗತ್ತೆ. ಡೈನಮಿಕ್ ಪುಟ ಹಾಗಲ್ಲ. 'ಶಿರಸಿ, ರಾಶಿ, ಇವತ್ತು' ಅಂತ ಕೋರಿಕೆ ಬಂದಾಗ ಪ್ರೋಗ್ರಾಂ ಡೇಟಾಬೇಸಿಗೆ ಹೋಗಿ ಸಾಲು ತೆಗೆದು, ಟೆಂಪ್ಲೇಟಿಗೆ ತುಂಬಿ, ಆ ಕ್ಷಣದಲ್ಲಿ ಪುಟ ಮಾಡಿ ಕಳಿಸತ್ತೆ. ಕೇಳುವ ಮೊದಲು ಆ ಪುಟ ಎಲ್ಲೂ ಇರೋದಿಲ್ಲ.

ಈಗ ಸರ್ಚ್ ಇಂಜಿನ್ ಕಡೆಯಿಂದ ನೋಡಿ. ಅದರ ಕ್ರಾಲರ್, ಉದಾಹರಣೆಗೆ ಗೂಗಲ್‌ಬಾಟ್, ಮಾಡುವ ಕೆಲಸ ಸರಳ. ಒಂದು ವಿಳಾಸಕ್ಕೆ ಹೋಗತ್ತೆ, ಪುಟ ತರತ್ತೆ, ಅದರಲ್ಲಿರುವ ಲಿಂಕುಗಳನ್ನು ಪಟ್ಟಿ ಮಾಡಿಕೊಳ್ಳತ್ತೆ, ಮುಂದೆ ಆ ಲಿಂಕುಗಳಿಗೆ ಹೋಗತ್ತೆ. ತಂದ ಪುಟವನ್ನು ಓದಿ ಇಂಡೆಕ್ಸಿಗೆ ಸೇರಿಸೋದು ಆಮೇಲಿನ ಹಂತ. ನಾವು ಹುಡುಕುವಾಗ ಸರ್ಚ್ ಇಂಜಿನ್ ನೋಡೋದು ಈ ಇಂಡೆಕ್ಸನ್ನು. ಆ ಕ್ಷಣದಲ್ಲಿ ಅದು ಪ್ರಪಂಚದ ಸರ್ವರುಗಳಿಗೆಲ್ಲ ಓಡಿ ಹೋಗಿ ವಿಚಾರಿಸೋದಿಲ್ಲ.

ಅಂದರೆ ಕ್ರಾಲರಿಗೆ ಬೇಕಾದ್ದು ವಿಳಾಸ ಮತ್ತು ಲಿಂಕು. ನಮ್ಮ ತಾಣದ ಮುಖಪುಟದಲ್ಲಿ ಮೂರು ಡ್ರಾಪ್‌ಡೌನ್ ಮತ್ತು 'ದರ ತೋರಿಸು' ಅನ್ನೋ ಗುಂಡಿ ಮಾತ್ರ ಇದ್ದರೆ ಏನಾಗತ್ತೆ? ಮನುಷ್ಯರಿಗೆ ತೊಂದರೆ ಇಲ್ಲ, ಮಾರುಕಟ್ಟೆ ಆರಿಸಿ, ಬಗೆ ಆರಿಸಿ, ಗುಂಡಿ ಒತ್ತುತ್ತಾರೆ. ಕ್ರಾಲರ್ ಮಾತ್ರ ಫಾರ್ಮ್ ತುಂಬಿ ಗುಂಡಿ ಒತ್ತಿ ನೋಡತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಅದಕ್ಕೆ ಕಾಣೋದು ಒಂದೇ ಪುಟ: ದರವೇ ಇಲ್ಲದ ಫಾರ್ಮಿನ ಪುಟ. ಹತ್ತು ವರ್ಷದ ಧಾರಣೆ ಅದರ ಹಿಂದೆ ಇದ್ದರೂ ಇಂಡೆಕ್ಸಿನ ಮಟ್ಟಿಗೆ ಅದು ಇಲ್ಲ.

ಪ್ರಶ್ನೆಗೊಂದು ವಿಳಾಸ ಕೊಡಿ

ಪರಿಹಾರದ ಮೊದಲ ಹೆಜ್ಜೆ: ಜನ ನಿಜಕ್ಕೂ ಕೇಳುವ ಪ್ರತಿ ಪ್ರಶ್ನೆಗೂ ಒಂದು ಸ್ವಂತ ವಿಳಾಸ ಇರಬೇಕು, ಮತ್ತು ಆ ವಿಳಾಸಕ್ಕೆ ಇನ್ನೊಂದು ಪುಟದಿಂದ ಮಾಮೂಲಿ ಲಿಂಕು ಇರಬೇಕು.

ಫಾರ್ಮ್ ಎರಡು ರೀತಿ ಕಳಿಸಬಹುದು ಅನ್ನೋದು ನಿಮಗೆ ಗೊತ್ತು. ಪೋಸ್ಟ್ ವಿಧಾನದಲ್ಲಿ ನೀವು ಆರಿಸಿದ್ದು ಕೋರಿಕೆಯ ಒಡಲೊಳಗೆ ಹೋಗತ್ತೆ, ವಿಳಾಸ ಬದಲಾಗೋದಿಲ್ಲ. ಯಾವ ದರ ನೋಡಿದರೂ ಮೇಲೆ ಕಾಣುವ ವಿಳಾಸ ಅದೇ. ಆ ಪುಟವನ್ನು ಬುಕ್‌ಮಾರ್ಕ್ ಮಾಡೋಕಾಗಲ್ಲ, ಸ್ನೇಹಿತರಿಗೆ ಕಳಿಸೋಕಾಗಲ್ಲ, ಕ್ರಾಲರಿಗಂತೂ ಮುಟ್ಟೋಕೇ ಆಗಲ್ಲ. ಗೆಟ್ ವಿಧಾನದಲ್ಲಿ ಆರಿಸಿದ್ದು ವಿಳಾಸದಲ್ಲೇ ಬರತ್ತೆ: 'ದರ?ಮಾರುಕಟ್ಟೆ=ಶಿರಸಿ&ಬಗೆ=ರಾಶಿ' ಅನ್ನೋ ಹಾಗೆ. ಮಾಹಿತಿ ಬರೀ ಓದೋದಕ್ಕೆ ಇರುವಲ್ಲಿ ಗೆಟ್ ಬಳಸೋದೇ ಸರಿ. ಪೋಸ್ಟ್ ಇರೋದು ಸರ್ವರಿನಲ್ಲಿ ಏನಾದರೂ ಬದಲಾಯಿಸೋ ಕೆಲಸಕ್ಕೆ.

ಪ್ರಶ್ನಾರ್ಥಕ ಚಿಹ್ನೆ ಇರುವ ವಿಳಾಸಗಳನ್ನು ಸರ್ಚ್ ಇಂಜಿನ್ ಓದೋದೇ ಇಲ್ಲ ಅನ್ನೋ ಮಾತು ಈಗಲೂ ಕೆಲವು ಟ್ಯುಟೋರಿಯಲ್‌ಗಳಲ್ಲಿ ಸಿಗತ್ತೆ. ಅದು ಹಳೇ ಕಾಲದ ಮಾತು. ಇಂಥ ವಿಳಾಸಗಳನ್ನು ತಾನು ಓದಬಲ್ಲೆ ಅಂತ ಗೂಗಲ್ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದರೂ 'ಅಡಿಕೆ/ಶಿರಸಿ/ರಾಶಿ' ಅನ್ನುವಂಥ ಹಾದಿ ನೋಡಿದ ಕೂಡಲೇ ಮನುಷ್ಯರಿಗೆ ಅರ್ಥ ಆಗತ್ತೆ, ತಾಣದ ರಚನೆಯೂ ಅದರಲ್ಲೇ ಕಾಣತ್ತೆ. ಕೊನೆಯ ತುಂಡು ಅಳಿಸಿದರೆ ಶಿರಸಿಯ ಎಲ್ಲ ಬಗೆಗಳ ಪುಟ ಬರಬೇಕು, ಇನ್ನೊಂದು ಅಳಿಸಿದರೆ ಮೂರೂ ಮಾರುಕಟ್ಟೆಗಳ ಪುಟ. ಅಪಾಚೆ, ಎಂಜಿನ್‌ಎಕ್ಸ್ ಸರ್ವರುಗಳಲ್ಲಿ ರೀರೈಟ್ ನಿಯಮದಿಂದ ಇದನ್ನು ಮಾಡಬಹುದು. ಜ್ಯಾಂಗೊ, ಲಾರಾವೆಲ್, ಎಕ್ಸ್‌ಪ್ರೆಸ್‌ನಂಥ ಫ್ರೇಮ್‌ವರ್ಕುಗಳಲ್ಲಿ ರೌಟಿಂಗ್ ಇರೋದೇ ಇದಕ್ಕೆ.

ಒಂದು ಬಲೆ ಇದೆ, ಗಮನಿಸಿ. ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರುವ ಭಾಗವನ್ನು ಬ್ರೌಸರ್ ಸರ್ವರಿಗೆ ಕಳಿಸೋದೇ ಇಲ್ಲ. ಹಾಗಾಗಿ '#/ಶಿರಸಿ/ರಾಶಿ' ಮತ್ತು '#/ಯಲ್ಲಾಪುರ/ಅಪಿ' ಎರಡೂ ಕ್ರಾಲರಿಗೆ ಒಂದೇ ವಿಳಾಸ. ಹ್ಯಾಶ್ ಜತೆ ಆಶ್ಚರ್ಯಸೂಚಕ ಸೇರಿಸಿ ಕ್ರಾಲರಿಗೆ ಬೇರೆ ದಾರಿ ತೋರಿಸುವ ಒಂದು ಪದ್ಧತಿಯನ್ನು ಗೂಗಲ್ 2009ರಲ್ಲಿ ಮುಂದಿಟ್ಟಿತ್ತು, 2015ರಲ್ಲಿ ಅದನ್ನು ಇನ್ನು ಬೇಡ ಅಂತ ಕೈಬಿಟ್ಟಿತು. ಒಂದೇ ಪುಟದ ಅಪ್ಲಿಕೇಶನ್ ಕಟ್ಟುವವರು ಬ್ರೌಸರಿನ ಹಿಸ್ಟರಿ ಎಪಿಐ ಬಳಸಿ ನಿಜವಾದ ಹಾದಿಗಳನ್ನೇ ಕೊಡಬೇಕು. ಹಾಗೇ ಲಿಂಕು ಅಂದರೆ ಆಂಕರ್ ಟ್ಯಾಗಿನಲ್ಲಿ ವಿಳಾಸ ಇರುವ ಲಿಂಕು. ಒಂದು ಡಬ್ಬಿಗೆ ಕ್ಲಿಕ್ ಫಂಕ್ಷನ್ ಅಂಟಿಸಿದರೆ ನೋಡೋಕೆ ಲಿಂಕಿನಂತಿದ್ದರೂ ಕ್ರಾಲರಿಗೆ ಅದು ಗೋಡೆ.

ಎಷ್ಟು ವಿಳಾಸ ಸಾಕು?

ಹಾಗಾದ್ರೆ ಡೇಟಾಬೇಸಿನ ಎಲ್ಲ ಸಾಲಿಗೂ ಒಂದೊಂದು ವಿಳಾಸ ಕೊಟ್ಟುಬಿಟ್ರೆ ಆಯ್ತಲ್ಲ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. ಮೂರು ಮಾರುಕಟ್ಟೆ, ಸರಾಸರಿ ಆರು ಬಗೆ ಅಂತ ಇಟ್ಟುಕೊಂಡರೆ 18 ಜೋಡಿ. ವರ್ಷಕ್ಕೆ 300 ದಿನ ವಹಿವಾಟು ಅಂದುಕೊಂಡರೆ 5,400 ಪುಟ. ಹತ್ತು ವರ್ಷಕ್ಕೆ 54,000. ಪ್ರತಿ ಪುಟದಲ್ಲೂ ಇರೋದು ಒಂದೇ ಸಾಲು: ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಓದಲು ಏನೂ ಇಲ್ಲದ, ಒಂದರಂತೆ ಒಂದು ಕಾಣುವ ಇಂಥ ಪುಟಗಳ ರಾಶಿಯನ್ನು ಸರ್ಚ್ ಇಂಜಿನ್ ಇಷ್ಟಪಡೋದಿಲ್ಲ. ಕ್ರಾಲರ್ ಒಂದು ತಾಣಕ್ಕೆ ಕೊಡುವ ಸಮಯಕ್ಕೂ ಮಿತಿ ಇದೆ. 2016ರ ಯಾವುದೋ ಮಂಗಳವಾರದ ಕೋಕಾ ದರ ತರೋದರಲ್ಲೇ ಅದು ಮುಳುಗಿದರೆ ಇವತ್ತಿನ ಪುಟ ನೋಡೋದು ತಡ ಆಗತ್ತೆ.

ಇದಕ್ಕೆ ಪ್ಯಾರಾಮೀಟರುಗಳ ಗೊಂದಲ ಸೇರಿದರೆ ಇನ್ನೂ ಕಷ್ಟ. ಮಾರುಕಟ್ಟೆ, ಬಗೆ, ದಿನಾಂಕ, ಜೋಡಣೆಯ ಕ್ರಮ ಅಂತ ನಾಲ್ಕು ಪ್ಯಾರಾಮೀಟರುಗಳಿದ್ದರೆ ಅವನ್ನು 24 ರೀತಿ ಹಿಂದುಮುಂದು ಬರೆಯಬಹುದು. ಪುಟ ಅದೇ, ವಿಳಾಸ 24. ಜತೆಗೆ ಸೆಷನ್ ಸಂಖ್ಯೆಯನ್ನೂ ವಿಳಾಸಕ್ಕೆ ಅಂಟಿಸಿದರೆ ಪ್ರತಿ ಭೇಟಿಗೂ ಹೊಸ ವಿಳಾಸ ಹುಟ್ಟತ್ತೆ. ಕ್ಯಾಲೆಂಡರಿನಲ್ಲಿ 'ಮುಂದಿನ ದಿನ' ಅನ್ನೋ ಲಿಂಕನ್ನು ತಡೆಯಿಲ್ಲದೆ ಬಿಟ್ಟರೆ ಕ್ರಾಲರ್ 2099ರವರೆಗೂ ನಡೆದುಕೊಂಡು ಹೋಗತ್ತೆ, ಎಲ್ಲೂ ದರ ಸಿಗೋದಿಲ್ಲ. ಇದಕ್ಕೆ ಕ್ರಾಲರ್ ಟ್ರ್ಯಾಪ್ ಅಂತಾರೆ.

ಹಾಗಾಗಿ ಟೇಬಲ್ಲಿನ ಕಾಲಂಗಳನ್ನು ಬಿಟ್ಟು ಜನರ ಪ್ರಶ್ನೆಯಿಂದ ಶುರು ಮಾಡೋಣ. ಬಹಳ ಜನ ಕೇಳೋದು 'ಇವತ್ತು ಎಷ್ಟು' ಅಂತ. ಅದಕ್ಕೆ ಮಾರುಕಟ್ಟೆಗೊಂದರಂತೆ ಮೂರು ಪುಟ, ಮಾರುಕಟ್ಟೆ ಮತ್ತು ಬಗೆ ಸೇರಿ 18 ಪುಟ. ಇವುಗಳ ವಿಳಾಸ ಎಂದೂ ಬದಲಾಗಬಾರದು, ಒಳಗಿನ ದರ ಮಾತ್ರ ದಿನವೂ ಬದಲಾಗಲಿ. ಹೀಗೆ ಮಾಡಿದರೆ ಬೇರೆಯವರು ಕೊಟ್ಟ ಲಿಂಕುಗಳ ತೂಕವೆಲ್ಲ ಒಂದೇ ವಿಳಾಸದಲ್ಲಿ ಸೇರುತ್ತಾ ಹೋಗತ್ತೆ. ಎರಡನೇ ಪ್ರಶ್ನೆ 'ಹೋದ ವರ್ಷ ಈ ಹೊತ್ತಿಗೆ ಎಷ್ಟಿತ್ತು' ಅಂತ. ಅದಕ್ಕೆ ತಿಂಗಳಿಗೊಂದು ಪುಟ ಸಾಕು, ಆ ತಿಂಗಳ ಎಲ್ಲ ದಿನಗಳು ಒಂದೇ ಕೋಷ್ಟಕದಲ್ಲಿ. ಮೂರು ಮಾರುಕಟ್ಟೆಗೆ ವರ್ಷಕ್ಕೆ 36, ಹತ್ತು ವರ್ಷಕ್ಕೆ 360. ಐವತ್ತನಾಲ್ಕು ಸಾವಿರ ಪುಟಗಳ ಕೆಲಸ ನಾನ್ನೂರರೊಳಗೆ ಮುಗಿಯಿತು, ಮತ್ತು ಪ್ರತಿ ಪುಟದಲ್ಲೂ ನೋಡುವಂಥದ್ದು ಏನೋ ಇದೆ.

ಉಳಿದ ಜೋಡಣೆಗಳು, ಅಂದರೆ ಏರಿಕೆ ಕ್ರಮ, ಇಳಿಕೆ ಕ್ರಮ, ಫಿಲ್ಟರುಗಳು ಬಳಕೆದಾರರಿಗೆ ಇರಲಿ. ಆದರೆ ಅಂಥ ಪುಟದ ತಲೆಭಾಗದಲ್ಲಿ 'ನನ್ನ ಮೂಲ ವಿಳಾಸ ಇದು' ಅಂತ ಹೇಳುವ ಕ್ಯಾನೊನಿಕಲ್ ಟ್ಯಾಗ್ ಹಾಕಿ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ 2009ರಲ್ಲಿ ಒಪ್ಪಿಕೊಂಡ ಗುರುತು ಇದು. ನೆನಪಿರಲಿ, ಕ್ಯಾನೊನಿಕಲ್ ಒಂದು ಸೂಚನೆ ಮಾತ್ರ. ಹಳೇ ವಿಳಾಸ ನಿಜವಾಗಿಯೂ ಹೊಸದಕ್ಕೆ ಬದಲಾಗಿದ್ದರೆ 301 ರೀಡೈರೆಕ್ಟ್ ಕೊಡಬೇಕು.

ಮೊದಲ ಉತ್ತರದಲ್ಲೇ ದರ ಇರಲಿ

ವಿಳಾಸ ಸಿಕ್ಕಿತು, ಕ್ರಾಲರ್ ಬಂತು. ಅದರ ಕೈಗೆ ಏನು ಕೊಡ್ತೀವಿ?

ರಿಯಾಕ್ಟ್, ವ್ಯೂನಂಥ ಲೈಬ್ರರಿಗಳಿಂದ ಮಾಮೂಲಿ ರೀತಿಯಲ್ಲಿ ಕಟ್ಟಿದ ಪುಟದ ಸೋರ್ಸ್ ತೆರೆದು ನೋಡಿ. ಒಂದು ಖಾಲಿ ಡಿವ್, ಕೆಳಗೆ ದೊಡ್ಡದೊಂದು ಸ್ಕ್ರಿಪ್ಟ್ ಫೈಲು. ಬ್ರೌಸರ್ ಆ ಸ್ಕ್ರಿಪ್ಟ್ ಓಡಿಸಿ, ಅದು ಇನ್ನೊಂದು ಕೋರಿಕೆ ಕಳಿಸಿ ದರ ತಂದ ಮೇಲೆ ಕೋಷ್ಟಕ ಮೂಡತ್ತೆ. ಗೂಗಲ್‌ಬಾಟ್ ಜಾವಾಸ್ಕ್ರಿಪ್ಟ್ ಓಡಿಸಬಲ್ಲದು, 2019ರಿಂದ ಅದು ಕ್ರೋಮಿನ ಹೊಸ ಆವೃತ್ತಿಗಳನ್ನೇ ಬಳಸುತ್ತಿದೆ. ಆದರೆ ಪುಟ ತರೋದು ಒಂದು ಹಂತ, ಸ್ಕ್ರಿಪ್ಟ್ ಓಡಿಸಿ ನೋಡೋದು ಇನ್ನೊಂದು ಹಂತ. ನಡುವೆ ಸರದಿ ಇದೆ. ಸ್ಕ್ರಿಪ್ಟಿನಲ್ಲಿ ಎಲ್ಲೋ ಎಡವಟ್ಟಾದರೆ ಖಾಲಿ ಡಿವ್ ಖಾಲಿಯಾಗೇ ಉಳಿಯತ್ತೆ. ದಿನಕ್ಕೊಮ್ಮೆ ಹಳತಾಗುವ ಮಾಹಿತಿಗೆ ಈ ಕಾಯುವಿಕೆ ಒಳ್ಳೇದಲ್ಲ.

ವಾಟ್ಸಾಪ್ ಅಂತೂ ಜಾವಾಸ್ಕ್ರಿಪ್ಟ್ ಓಡಿಸೋದಿಲ್ಲ. ನೀವು ಲಿಂಕು ಕಳಿಸಿದಾಗ ಮೂಡುವ ಪುಟ್ಟ ಚೌಕದಲ್ಲಿ ಬರುವ ಶೀರ್ಷಿಕೆ, ವಿವರ ಎಲ್ಲ ಪುಟದ ತಲೆಭಾಗದ ಓಪನ್ ಗ್ರಾಫ್ ಟ್ಯಾಗುಗಳಿಂದ ಬಂದದ್ದು. ಅಡಿಕೆ ಧಾರಣೆ ಊರೂರಿನ ಗ್ರೂಪುಗಳಲ್ಲಿ ಓಡಾಡೋದು ವಾಟ್ಸಾಪಿನಲ್ಲೇ. 'ಶಿರಸಿ ರಾಶಿ ಅಡಿಕೆ ಧಾರಣೆ' ಅಂತ ಶೀರ್ಷಿಕೆ ಬರುವ ಬದಲು ಬರೀ 'ಮುಖಪುಟ' ಅಂತ ಬಂದರೆ ಯಾರು ಒತ್ತುತ್ತಾರೆ?

ದಾರಿ ಎರಡು. ಒಂದು, ಕೋರಿಕೆ ಬಂದಾಗ ಸರ್ವರಿನಲ್ಲೇ ಪೂರ್ತಿ ಪುಟ ಕಟ್ಟಿ ಕಳಿಸೋದು, ಅಂದರೆ ಸರ್ವರ್ ಸೈಡ್ ರೆಂಡರಿಂಗ್. ಎರಡು, ಪುಟವನ್ನು ಮೊದಲೇ ಮಾಡಿಡೋದು. ನಮ್ಮ ಉದಾಹರಣೆಗೆ ಎರಡನೆಯದೇ ಚೆನ್ನಾಗಿ ಹೊಂದತ್ತೆ. ಯಾಕಂದ್ರೆ ಟೆಂಡರ್ ಮುಗಿದು ದರ ಬರೋದು ದಿನಕ್ಕೊಮ್ಮೆ. ಒಮ್ಮೆ ಬದಲಾಗುವ ಸಂಖ್ಯೆಗೆ ಸಾವಿರ ಸಲ ಡೇಟಾಬೇಸಿಗೆ ಹೋಗೋದ್ಯಾಕೆ? ದರ ನಮೂದಾದ ಕೂಡಲೇ ಸಂಬಂಧಪಟ್ಟ ಪುಟಗಳನ್ನು ಒಮ್ಮೆ ಹುಟ್ಟಿಸಿ ಫೈಲಾಗಿ ಇಟ್ಟುಬಿಟ್ಟರೆ ಡೈನಮಿಕ್ ಪುಟ ಸ್ಟ್ಯಾಟಿಕ್ ಪುಟದಷ್ಟೇ ಬೇಗ ಹೋಗತ್ತೆ. 'ನಾನು ನೋಡಿದ ಮೇಲೆ ಏನಾದರೂ ಬದಲಾಗಿದೆಯಾ' ಅಂತ ಕ್ರಾಲರ್ ಕೇಳಿದರೆ ಸರ್ವರ್ 304 ಅಂತ ಚುಟುಕಾಗಿ ಉತ್ತರಿಸಬಹುದು, ಇಡೀ ಪುಟ ಮತ್ತೆ ಕಳಿಸಬೇಕಾಗಿಲ್ಲ.

ಇದರಿಂದ ಲಾಭ ಕ್ರಾಲರಿಗೆ ಮಾತ್ರ ಅಲ್ಲ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಜಾಗಗಳು ಈಗಲೂ ಇವೆ. ಒಂದೂವರೆ ಎಂಬಿ ಸ್ಕ್ರಿಪ್ಟ್ ಇಳಿದ ಮೇಲೆ ದರ ಕಾಣುವ ಪುಟಕ್ಕಿಂತ, ಮೊದಲ ಕೆಲವೇ ಕೆಬಿಯಲ್ಲಿ ದರ ಕಾಣುವ ಪುಟ ಅಲ್ಲಿಯವರಿಗೆ ಉಪಯೋಗಕ್ಕೆ ಬರತ್ತೆ. ಚಾರ್ಟ್ ಬೇಕಾದ್ರೆ ಆಮೇಲೆ ಬರಲಿ.

ಕನ್ನಡದ್ದೇ ಆದ ಕೆಲವು ತೊಡಕುಗಳು

ಇಂಗ್ಲಿಷ್ ಪಾಠಗಳಲ್ಲಿ ಇವು ಸಿಗೋದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀವಿ.

ಒಂದು, ಅಕ್ಷರ ಅಕ್ಷರವಾಗಿರಬೇಕು. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ನಮಗೆ ಕನ್ನಡದಂತೆ ಕಂಡರೂ ಕಂಪ್ಯೂಟರಿನೊಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸರ್ಚ್ ಇಂಜಿನ್ ಓದೋದು ಒಳಗಿನದ್ದನ್ನು. ಧಾರಣೆ ಪಟ್ಟಿಯನ್ನು ಫೋಟೋ ಮಾಡಿ ಹಾಕಿದರೂ ಅಷ್ಟೇ. ಯೂನಿಕೋಡ್ ಪಠ್ಯ, ಕೋಷ್ಟಕದ ಟ್ಯಾಗುಗಳಲ್ಲಿ, ಪ್ರತಿ ಕಾಲಂಗೂ ತಲೆಬರಹ: ಬಗೆ, ಕನಿಷ್ಠ, ಗರಿಷ್ಠ, ಅಳತೆ ಕ್ವಿಂಟಲ್.

ಎರಡು, ಒಂದೇ ಪದ ಒಳಗೆ ಎರಡು ರೀತಿ ಇರಬಹುದು. 'ಬಿಳೆಗೋಟು' ಪದದ ಓಕಾರದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘದ ಗುರುತು ಅಂತ ಮೂರು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿನಲ್ಲಿ ಹೋಲಿಸಿದರೆ ಬೇರೆ ಬೇರೆ, ವಿಳಾಸದಲ್ಲಿ ಹಾಕಿದರೆ ಎರಡು ಬೇರೆ ವಿಳಾಸ. ಕೋಕಾದಲ್ಲೂ ಇದೇ ಪಾಡು. ಪಠ್ಯ ಒಳಗೆ ಬರುವಾಗಲೇ ಎನ್‌ಎಫ್‌ಸಿ ಅನ್ನೋ ಪ್ರಮಾಣರೂಪಕ್ಕೆ ಬದಲಿಸಿಕೊಳ್ಳಿ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ.

ಮೂರು, ಕನ್ನಡ ವಿಳಾಸದ ಉದ್ದ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಜತೆಗೆ ಮೂರು ಅಕ್ಷರ ಆಗತ್ತೆ. 'ಶಿರಸಿ' ಪದದಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಐದು ಸಂಕೇತ, ಅಂದರೆ ನಕಲು ಮಾಡಿ ಅಂಟಿಸಿದಾಗ 45 ಅಕ್ಷರ. 'ಅಡಿಕೆ/ಶಿರಸಿ/ರಾಶಿ' ಅನ್ನೋದಕ್ಕೆ 126, ಓರೆಗೆರೆಗಳು ಬೇರೆ. ಸರ್ಚ್ ಇಂಜಿನ್ನಿಗೆ ಇದರಿಂದ ತೊಂದರೆ ಇಲ್ಲ, ಆದರೆ ವಾಟ್ಸಾಪಿನಲ್ಲಿ ನೋಡಿದವರು ಗಾಬರಿ ಆಗಬಹುದು. ವಿಳಾಸ ರೋಮನ್ ಅಕ್ಷರದಲ್ಲಿ ಚಿಕ್ಕದಾಗಿಟ್ಟು, ಶೀರ್ಷಿಕೆ ಮತ್ತು ಪಠ್ಯ ಕನ್ನಡದಲ್ಲಿ ಇಡೋದು ಒಂದು ಒಳ್ಳೇ ಹೊಂದಾಣಿಕೆ. ಯಾವುದನ್ನು ಆರಿಸಿದರೂ ಒಂದನ್ನೇ ಆರಿಸಿ, ಆಮೇಲೆ ಬದಲಿಸಬೇಡಿ.

ನಾಲ್ಕು, ಹೆಸರುಗಳ ಗೊಂದಲ. ಅಡಿಕೆ, ಅಡಕೆ, ಧಾರಣೆ, ದರ, ರೇಟು, ಶಿರಸಿ, ಸಿರಸಿ, ಸಿದ್ದಾಪುರ, ಸಿದ್ಧಾಪುರ. ಜನ ಎಲ್ಲವನ್ನೂ ಬರೆಯುತ್ತಾರೆ. ಅದೂ ಸಾಲದು ಅಂತ ಕೊಡಗಿನಲ್ಲೊಂದು ಸಿದ್ದಾಪುರ ಇದೆ, ಉಡುಪಿ ಜಿಲ್ಲೆಯಲ್ಲೊಂದಿದೆ. ಉತ್ತರ ಪ್ರದೇಶದಲ್ಲೊಂದು ಸಿರ್ಸಿ ಇದೆ. ಶೀರ್ಷಿಕೆಯಲ್ಲಿ ಒಂದು ರೂಪ ಗಟ್ಟಿಯಾಗಿರಲಿ, ಪಠ್ಯದಲ್ಲಿ 'ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ' ಅಂತ ಬಿಡಿಸಿ ಹೇಳಿ. ಪುಟದ ಮೇಲೆ ಎರಡು ಸಾಲು ವಿವರಣೆ ಬರೆಯುವಾಗ ಇನ್ನೊಂದು ರೂಪ ಸಹಜವಾಗಿ ಬರಲಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ನೂರು ರೂಪಗಳನ್ನು ಬಚ್ಚಿಡೋ ಕೆಲಸ ಬೇಡ, ಅದನ್ನು ಸರ್ಚ್ ಇಂಜಿನ್ ಮೋಸ ಅಂತಲೇ ಎಣಿಸತ್ತೆ.

ಐದು, ಭಾಷೆ ಬದಲಿಸೋ ಗುಂಡಿ. ಆರಿಸಿದ ಭಾಷೆಯನ್ನು ಕುಕಿಯಲ್ಲಿಟ್ಟು ಒಂದೇ ವಿಳಾಸದಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ತೋರಿಸುವ ತಾಣಗಳು ಬೇಕಾದಷ್ಟಿವೆ. ಗೂಗಲ್‌ಬಾಟ್ ಕುಕಿ ಇಟ್ಟುಕೊಂಡು ಬರೋದಿಲ್ಲ. ತಾಣದ ಮೂಲಭಾಷೆ ಇಂಗ್ಲಿಷ್ ಆಗಿದ್ದರೆ ಕನ್ನಡ ಪುಟಗಳು ಅದಕ್ಕೆ ಕಾಣೋದೇ ಇಲ್ಲ. ಎರಡು ಭಾಷೆಗೂ ಬೇರೆ ಬೇರೆ ವಿಳಾಸ ಕೊಟ್ಟು, ಒಂದು ಇನ್ನೊಂದರ ಜೋಡಿ ಅಂತ ಎಚ್‌ರೆಫ್‌ಲ್ಯಾಂಗ್ ಗುರುತು ಹಾಕಿ.

ಇಲ್ಲ ಅನ್ನೋದನ್ನೂ ಸರಿಯಾಗಿ ಹೇಳಿ

ಭಾನುವಾರ ವಹಿವಾಟು ಇಲ್ಲ. ಆ ದಿನಾಂಕ ಕೊಟ್ಟರೆ ನಮ್ಮ ತಾಣ ಏನು ಮಾಡಬೇಕು? ಬಹಳಷ್ಟು ಪ್ರೋಗ್ರಾಂಗಳು ಖಾಲಿ ಕೋಷ್ಟಕ ಕಳಿಸಿ, ಜತೆಗೆ 200 ಅನ್ನೋ ಸ್ಥಿತಿಸಂಖ್ಯೆ ಕೊಡುತ್ತವೆ. 200 ಅಂದರೆ ಎಲ್ಲ ಸರಿಯಿದೆ ಅಂತ. ಸರ್ಚ್ ಇಂಜಿನ್ ಇದನ್ನು ಸಾಫ್ಟ್ 404 ಅಂತ ಕರೆಯತ್ತೆ. ಇಲ್ಲದ ಪುಟಕ್ಕೆ ನಿಜವಾದ 404 ಕೊಡಿ. ಡೇಟಾಬೇಸ್ ಆ ಹೊತ್ತಿಗೆ ಕೈಕೊಟ್ಟಿದ್ದರೆ 503 ಕೊಡಿ, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ ಅದರ ಅರ್ಥ. ದೋಷದ ಸಂದೇಶವನ್ನು 200 ಜತೆ ಕಳಿಸಿದರೆ, ಒಳ್ಳೇ ದರ ಇದ್ದ ಪುಟದ ಜಾಗದಲ್ಲಿ ಆ ದೋಷದ ಸಂದೇಶವೇ ಇಂಡೆಕ್ಸಿಗೆ ಹೋಗತ್ತೆ.

ಇದಕ್ಕಿಂತ ಮುಖ್ಯವಾದದ್ದು ಹಳೇ ದರ. ಎರಡು ದಿನ ಮಾರುಕಟ್ಟೆ ರಜೆ ಇದ್ದಾಗ 'ಇವತ್ತಿನ ಧಾರಣೆ' ಅನ್ನೋ ತಲೆಬರಹದ ಕೆಳಗೆ ಶುಕ್ರವಾರದ ದರ ತೋರಿಸಿದರೆ ಅದು ಸುಳ್ಳು. ತಲೆಬರಹದ ಪಕ್ಕದಲ್ಲೇ 'ಕೊನೆಯ ವಹಿವಾಟು ನಡೆದ ದಿನ' ಅಂತ ದಿನಾಂಕ ಕಾಣಬೇಕು. ಪುಟ ಹುಟ್ಟಿದ ಸಮಯ ಬೇರೆ, ದರದ ದಿನಾಂಕ ಬೇರೆ. ಪ್ರತಿ ಸಲ ಪುಟ ತೆರೆದಾಗ ಇವತ್ತಿನ ದಿನಾಂಕವನ್ನು ತಾನಾಗಿ ತುಂಬುವ ಟೆಂಪ್ಲೇಟ್ ಇದ್ದರೆ ಹಳೇ ದರಕ್ಕೆ ಹೊಸ ದಿನಾಂಕ ಅಂಟಿಕೊಳ್ಳತ್ತೆ. ಸರ್ಚ್ ಇಂಜಿನ್ನೂ ಮೋಸ ಹೋಗತ್ತೆ, ಅದನ್ನು ನಂಬಿ ಅಡಿಕೆ ಚೀಲ ಗಾಡಿಗೆ ಹೇರಿದವರೂ ಮೋಸ ಹೋಗುತ್ತಾರೆ. ಇಂಥ ಪುಟ ಮೊದಲನೇ ಸ್ಥಾನದಲ್ಲಿ ಬರುವುದಕ್ಕಿಂತ ಬರದೇ ಇರೋದೇ ವಾಸಿ.

ಕ್ರಾಲರಿಗೆ ನಕ್ಷೆ

ಕೊನೆಗೆ ಎರಡು ಚಿಕ್ಕ ಫೈಲುಗಳು. ಒಂದು ಸೈಟ್‌ಮ್ಯಾಪ್, ನಮ್ಮ ವಿಳಾಸಗಳ ಪಟ್ಟಿ. ಗೂಗಲ್ 2005ರಲ್ಲಿ ಶುರು ಮಾಡಿದ್ದು, ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಫೈಲಿನಲ್ಲಿ 50,000 ವಿಳಾಸಗಳವರೆಗೆ ಇರಬಹುದು. ನಮ್ಮದು ನಾನ್ನೂರರೊಳಗೆ ಇರೋದರಿಂದ ಚಿಂತೆಯಿಲ್ಲ. ಇದರಲ್ಲಿ ಪ್ರತಿ ವಿಳಾಸದ ಜತೆ ಕೊನೆಗೆ ಬದಲಾದ ದಿನ ಬರೆಯಬಹುದು. ದರ ನಿಜಕ್ಕೂ ಬದಲಾದಾಗ ಮಾತ್ರ ಅದನ್ನು ಬದಲಿಸಿ. ಎಲ್ಲ ಪುಟಕ್ಕೂ ದಿನಾ ಹೊಸ ದಿನಾಂಕ ಹಾಕುತ್ತಾ ಹೋದರೆ ಸರ್ಚ್ ಇಂಜಿನ್ ಅದನ್ನು ನಂಬೋದು ಬಿಡತ್ತೆ.

ಇನ್ನೊಂದು ರೋಬೋಟ್ಸ್ ಫೈಲು. 1994ರಿಂದ ಬಳಕೆಯಲ್ಲಿದೆ, 2022ರಲ್ಲಿ ಆರ್‌ಎಫ್‌ಸಿ 9309 ಆಗಿ ಪ್ರಕಟವಾಯಿತು. ಕ್ರಾಲರ್ ಎಲ್ಲಿಗೆ ಬರಬಾರದು ಅಂತ ಇದರಲ್ಲಿ ಹೇಳ್ತೀವಿ. ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ: ಪುಟ ಇಂಡೆಕ್ಸಿಗೆ ಸೇರಬಾರದು ಅಂತ ಪುಟದೊಳಗೆ ನೋಇಂಡೆಕ್ಸ್ ಹಾಕಿ, ಅದೇ ಪುಟಕ್ಕೆ ರೋಬೋಟ್ಸ್ ಫೈಲಿನಲ್ಲೂ ತಡೆ ಹಾಕೋದು. ಕ್ರಾಲರ್ ಒಳಗೆ ಬಂದರೆ ತಾನೇ ನೋಇಂಡೆಕ್ಸ್ ಓದೋದು? ಪುಟ ಇಂಡೆಕ್ಸಿಗೆ ಸೇರಬಾರದು ಅಂತಿದ್ದರೆ ನೋಇಂಡೆಕ್ಸ್ ಮಾತ್ರ ಹಾಕಿ, ರೋಬೋಟ್ಸ್ ಫೈಲಿನ ತಡೆ ಬೇಡ.

ನೀವೇ ಪರೀಕ್ಷಿಸಿ

ಓದಿ ಬಿಟ್ಟರೆ ಇದು ತಲೆಯಲ್ಲಿ ನಿಲ್ಲೋದಿಲ್ಲ. ನಿಮ್ಮ ಮಿನಿ ಪ್ರಾಜೆಕ್ಟೋ, ಫೆಸ್ಟಿನ ತಾಣವೋ, ಯಾವುದಾದರೂ ಒಂದನ್ನು ತೆಗೆದುಕೊಂಡು ಈ ಐದು ಪರೀಕ್ಷೆ ಮಾಡಿ ನೋಡಿ. ಅರ್ಧ ಗಂಟೆ ಸಾಕು.

1. ಬೇಕಾದ ಮಾಹಿತಿ ತೆರೆದು, ಮೇಲಿನ ವಿಳಾಸ ನಕಲು ಮಾಡಿ, ಖಾಸಗಿ ವಿಂಡೋದಲ್ಲಿ ಅಂಟಿಸಿ. ಅದೇ ಮಾಹಿತಿ ಬರಬೇಕು.

2. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿ ಪುಟ ತೆರೆಯಿರಿ. ಮುಖ್ಯ ಮಾಹಿತಿ ಉಳಿದಿದೆಯಾ ನೋಡಿ.

3. ಮೌಸ್ ಬಿಟ್ಟು, ಮುಖಪುಟದಿಂದ ಬರೀ ಲಿಂಕುಗಳ ಮೂಲಕ, ಹುಡುಕಾಟದ ಪೆಟ್ಟಿಗೆ ಮುಟ್ಟದೆ ಆ ಪುಟ ತಲುಪಲು ಆಗತ್ತಾ ನೋಡಿ.

4. ವಿಳಾಸದ ಕೊನೆಗೆ ಬಾಯಿಗೆ ಬಂದ ಪದ ಸೇರಿಸಿ. ಡೆವಲಪರ್ ಟೂಲ್ಸಿನಲ್ಲಿ 404 ಕಾಣಬೇಕು.

5. ಲಿಂಕನ್ನು ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಿ. ಚೌಕದಲ್ಲಿ ಆ ಪುಟದ್ದೇ ಶೀರ್ಷಿಕೆ ಬರಬೇಕು.

ಮುಂದಿನ ಸೆಮಿಸ್ಟರಿಗೆ ಪ್ರಾಜೆಕ್ಟಿನ ವಿಷಯ ಹುಡುಕುತ್ತಿರುವವರಿಗೆ ಒಂದು ಮಾತು. ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಮಾರುಕಟ್ಟೆಗಳ ದಿನದ ದರ ಎಪಿಐ ಮೂಲಕ ಸಿಗತ್ತೆ. ಮೂರು ಮಾರುಕಟ್ಟೆ, 18 ಪುಟ, ದಿನಾಂಕ ಸ್ಪಷ್ಟವಾಗಿರುವ ಕನ್ನಡದ ಕೋಷ್ಟಕ. ಮೆಷಿನ್ ಲರ್ನಿಂಗ್ ಹಾಕಿ ನಾಳೆಯ ದರ ಊಹಿಸುವ ಪ್ರಾಜೆಕ್ಟು ಈಗಾಗಲೇ ಹತ್ತಾರು ಜನ ಮಾಡಿರುತ್ತಾರೆ. ಇವತ್ತಿನ ದರ ಹುಡುಕಿದವರಿಗೆ ಸಿಗುವ ಹಾಗೆ ಮಾಡೋದು ಅದಕ್ಕಿಂತ ಸಣ್ಣ ಕೆಲಸ, ಆದರೆ ಅದನ್ನು ಮರುದಿನದಿಂದಲೇ ಯಾರಾದರೂ ಬಳಸುತ್ತಾರೆ. ಯಾರಾದರೂ ಕೈ ಹಾಕೋದಾದರೆ ನಮ್ಮ ಬಳಗಕ್ಕೆ ತಿಳಿಸಿ, ಕನ್ನಡ ಪಠ್ಯ ಬರೆದುಕೊಡೋ ಕೆಲಸ ನಾವು ಮಾಡ್ತೀವಿ.